ಹೊಸ ಕಬಡ್ಡಿ ಕೋಚ್‌ಗೆ ಎಷ್ಟು ಟೈಮ್ ಕೊಡಬೇಕು?

ಕುಮಟೆಯ ಹಳೆ ವಿದ್ಯಾರ್ಥಿ:
ನಮ್ಮ ಡಿಗ್ರಿ ಕಾಲೇಜಿನ ಟೀಮಿಗೆ ಜುಲೈನಲ್ಲಿ ಹೊಸ ಕೋಚ್ ಬಂದರು. ಬಂದವರೇ ಅರ್ಧ ಟೀಮ್ ಬದಲಾಯಿಸಿದರು. ಹೆಸರು ಮಾಡಿದ ಇಬ್ಬರು ರೈಡರ್‌ಗಳು ಈಗ ಬೆಂಚ್ ಮೇಲೆ. ಅಂಕೋಲಾದಲ್ಲಿ ಸೋತೆವು, ಹೊನ್ನಾವರದಲ್ಲೂ ಸೋತೆವು. ರೈಡಿಗೆ ಹೋದ ಹುಡುಗರು ಸುಮ್ನೆ ಹೋಗಿ ಸುಮ್ನೆ ವಾಪಸ್ ಬರುತ್ತಾರೆ. ನೋಡೋಕೆ ಸಂಕಟ. ಪ್ರಿನ್ಸಿಪಾಲರಿಗೆ ಪತ್ರ ಕೊಡೋಣ ಅಂತ ನಮ್ಮ ಗ್ರೂಪಿನಲ್ಲಿ ಮಾತು ನಡೆದಿದೆ. ಕೊಡೋದಾ, ಕಾಯೋದಾ?

ಕಾರವಾರದ ಲೆಫ್ಟ್ ಕಾರ್ನರ್:
ಪತ್ರ ಬೇಡ ಮಾರಾಯ. ಹೊನ್ನಾವರದ ಮ್ಯಾಚ್ ನಾನೂ ನೋಡಿದೆ. ಖಾಲಿ ರೈಡ್ ಹೆದರಿಕೆಯಿಂದ ಅಲ್ಲ. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ, ಪಾಯಿಂಟ್ ತರದಿದ್ದರೆ ರೈಡರ್ ಔಟ್. ಎದುರಿನವರನ್ನೂ ಖಾಲಿ ಕಳಿಸೋಣ, ಮೂರನೇ ಸಲ ಒಳಗೆ ಬರಲೇಬೇಕು, ಆಗ ಹಿಡಿಯೋಣ ಅನ್ನೋದು ಆ ಸರ್ ಲೆಕ್ಕ. ಅದಕ್ಕೆ ಡಿಫೆನ್ಸ್ ಗಟ್ಟಿ ಬೇಕು. ನಿಮ್ಮಲ್ಲಿ ಇಷ್ಟು ವರ್ಷ ಇಲ್ಲದ್ದೇ ಅದು. ಒಬ್ಬ ರೈಡರ್ ಔಟಾಗಿ ಹೊರಗೆ ಕೂತರೆ ಸಾಕು, ಲೋನಾ, ಅಂದರೆ ಇಡೀ ಟೀಮ್ ಔಟ್ ಆಗುತ್ತಿತ್ತು.

ಕಾರ್ನರಲ್ಲಿ, ಅಂದರೆ ಡಿಫೆನ್ಸಿನ ತುದಿಯಲ್ಲಿ ನಿಲ್ಲುವ ಆ ಫಸ್ಟ್ ಇಯರ್ ಹುಡುಗನನ್ನು ನೋಡಿದಿರಾ? ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚಿದ. ಹುಡುಗ ನುಗ್ಗಲಿಲ್ಲ. ಕಾಲು ಹತ್ತಿರ ಬರುವ ತನಕ ಕಾದು ಪಾದದ ಗಂಟಿಗೆ ಕೈ ಹಾಕಿದ. ಪಕ್ಕದಲ್ಲಿ ನಿಲ್ಲುವ ಡಿಫೆಂಡರ್, ಅಂದರೆ ಕವರ್, ಬಂದು ಬೀಳೋದು ಸ್ವಲ್ಪ ತಡವಾಯಿತು, ರೈಡರ್ ಎಳೆದುಕೊಂಡೇ ಮಧ್ಯದ ಗೆರೆ ಮುಟ್ಟಿದ. ಸ್ಕೋರ್ ಬೋರ್ಡಲ್ಲಿ ಅದು ಅವರ ಪಾಯಿಂಟ್. ನನಗೆ ಮಾತ್ರ ಖುಷಿಯಾಯಿತು, ಹಿಡಿದ ಜಾಗ, ಹೊತ್ತು ಎರಡೂ ಸರಿಯಿತ್ತು. ಕಾರ್ನರ್‌ಗೂ ಕವರ್‌ಗೂ ಹೊಂದಾಣಿಕೆ ಒಟ್ಟಿಗೆ ಆಡಿ ಆಡಿಯೇ ಬರಬೇಕು. ನಮ್ಮ ಕರಾವಳಿ ಮಳೆಯಲ್ಲಿ ಗ್ರೌಂಡ್ ಒಣಗೋದೇ ದಸರಾ ಹೊತ್ತಿಗೆ, ಅವರಿಗೆ ಪ್ರಾಕ್ಟೀಸ್ ಎಷ್ಟು ಸಿಕ್ಕೀತು?

ಪ್ರೊ ಕಬಡ್ಡಿ ಲೀಗಿನ ಬೆಂಗಳೂರು ಬುಲ್ಸ್‌ಗೆ ರಣಧೀರ್ ಸಿಂಗ್ 2014ರ ಮೊದಲ ಸೀಸನ್ನಿಂದ ಕೋಚ್ ಆಗಿದ್ದರು. 2015ರಲ್ಲಿ ಫೈನಲ್ ಸೋತರು. ಕಪ್ ಬಂದದ್ದು 2019ರ ಜನವರಿಯಲ್ಲಿ. ಅಲ್ಲಿಯ ತನಕ ಅವರನ್ನು ಇಟ್ಟುಕೊಂಡರು, ಅಲ್ವಾ?

ಶಿರಸಿಯ ಪಾಲಕಿ:
ಬುಲ್ಸ್ ಲೆಕ್ಕ ಇಲ್ಲಿ ಪೂರ್ತಿ ಕೂಡುವುದಿಲ್ಲ ತಮ್ಮಾ. ಡಿಗ್ರಿ ಇರೋದೇ ಮೂರು ವರ್ಷ. ನನ್ನ ತಂಗಿಯ ಮಗ ಬೇರೆ ಕಾಲೇಜು, ಅಲ್ಲೂ ಇದೇ ಕತೆ. ಈ ಸಲವಾದರೂ ಯೂನಿವರ್ಸಿಟಿ ಬ್ಲೂ ಆಗಬೇಕು, ಅಂದರೆ ಯೂನಿವರ್ಸಿಟಿ ಟೀಮಿಗೆ ಆಡಬೇಕು ಅಂದುಕೊಂಡಿದ್ದ. ಕೊನೆಯ ವರ್ಷ ಬೆಂಚಲ್ಲಿ ಕಳೆಯಿತು. ಕೋಚ್ ಬದಲಾಯಿಸಿ ಅಂತ ನಾನು ಹೇಳಲ್ಲ. ಆದರೆ ಕಾಯಿರಿ ಅನ್ನುವವರು ಈ ಹುಡುಗರನ್ನೂ ನೆನಪಿಡಬೇಕು.

ಕಾರವಾರದ ಲೆಫ್ಟ್ ಕಾರ್ನರ್:
ಖಂಡಿತ ಅಕ್ಕಾ, ಅದು ದೊಡ್ಡ ಮಾತು. ಏಳು ಜನ ಒಳಗೆ, ಐವರು ಹೊರಗೆ. ಡೂ ಆರ್ ಡೈ ರೈಡಿಗೆ ಪಳಗಿದವರೇ ಬೇಕು, ಆ ಇಬ್ಬರನ್ನು ಅದಕ್ಕೆ ಇಳಿಸಬಹುದು. ಕುಮಟೆಯವರೇ, ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಸರ್ ಹತ್ತಿರ ಕೂತು ಇದನ್ನೇ ಕೇಳಿ. ಗುಂಪು ಕಟ್ಟಿಕೊಂಡು ಬೇಡ, ಇಬ್ಬರು ಹೋದರೆ ಸಾಕು.