ಹಿತ್ತಲಿನ ವರ್ಕ್‌ಶಾಪಿಗೆ ಯಾವ ಎಸಿ ಹಾಕಿಸಲಿ? 1 ಟನ್ ಸಾಕಾ?

ಹಿತ್ತಲ ಬಡಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ 12 ಅಡಿಗೆ 16 ಅಡಿಯ ಒಂದು ಶೆಡ್ ಇದೆ. ನನ್ನ ಮರಗೆಲಸ ಎಲ್ಲ ಅಲ್ಲೇ. ಮೂರು ಕಡೆ ಇಟ್ಟಿಗೆ ಗೋಡೆ, ಮುಂದೆ ದೊಡ್ಡ ಬಾಗಿಲು, ಮೇಲೆ ಬರೀ ತಗಡಿನ ಶೀಟು. ಬಿಸಿಲುಗಾಲದಲ್ಲಿ ಹನ್ನೊಂದು ಗಂಟೆ ಆದಮೇಲೆ ಒಳಗೆ ನಿಲ್ಲಲು ಆಗುವುದಿಲ್ಲ. ಕೈ ಬೆವರಿ ಉಳಿ ಜಾರುತ್ತದೆ, ಉಜ್ಜಿ ನಯ ಮಾಡಿದ ಮರದ ಮೇಲೆ ಬೆವರು ಬಿದ್ದು ಕಲೆ ಆಗುತ್ತದೆ.

ಒಳಗೆ 2 ಎಚ್‌ಪಿ ಟೇಬಲ್ ಗರಗಸ ಇದೆ, ಒಂದು ಗ್ರೈಂಡರ್ ಇದೆ. ಪುಡಿ ಎಳೆಯುವ 1 ಎಚ್‌ಪಿ ಬ್ಲೋವರ್ ಕೂಡ ಇದೆ, ಅದರ ಪೈಪನ್ನು ಗೋಡೆಯಿಂದ ಹೊರಗೆ ಬಿಟ್ಟಿದ್ದೇನೆ. ಆಗಾಗ ಸ್ಪ್ರೇ ಪಾಲಿಶ್ ಕೂಡ ಮಾಡುತ್ತೇನೆ. ಗೋಡೆ ಒಡೆಯುವ ತಾಪತ್ರಯ ಬೇಡ ಅಂತ ಚಕ್ರ ಇರುವ ಪೋರ್ಟಬಲ್ ಎಸಿ ನೋಡುತ್ತಿದ್ದೆ. ಅಂಗಡಿಯವರು 2 ಟನ್ ಸ್ಪ್ಲಿಟ್ ಹಾಕಿ ಅನ್ನುತ್ತಾರೆ. ನನಗೆ 1 ಟನ್ ಸಾಕು ಅನ್ನಿಸುತ್ತದೆ. ಇಂಥ ಜಾಗದಲ್ಲಿ ಎಸಿ ಇಟ್ಟುಕೊಂಡವರು ಹೇಳಿ.

ಶೀಟಿನ ಕೆಳಗೆ

ಟನ್ ಲೆಕ್ಕ ಆಮೇಲೆ. ಮೊದಲು ತಲೆ ಎತ್ತಿ ಆ ಶೀಟು ನೋಡಿ, ನಿಮ್ಮ ಸೆಕೆಯ ಮೂಲ ಅದೇ. ಸುಡುಬಿಸಿಲಿನಲ್ಲಿ ತಗಡು 60 ಡಿಗ್ರಿ ಮುಟ್ಟುವುದು ದೊಡ್ಡ ವಿಷಯ ಅಲ್ಲ. ನಿಮ್ಮ ಸೂರು ಸುಮಾರು 18 ಚದರ ಮೀಟರ್. ಒಳಗೆ 28 ಡಿಗ್ರಿ ಬೇಕು ಅಂತ ಇಟ್ಟುಕೊಂಡರೆ ಆ ಬಿಸಿ ತಗಡೊಂದೇ 3 ಕಿಲೋವ್ಯಾಟ್ ಮೇಲೆ ಶಾಖವನ್ನು ನಿಮ್ಮ ತಲೆ ಮೇಲೆ ಸುರಿಯುತ್ತದೆ. 1 ಟನ್ ಎಸಿ ಅಂದರೆ ಗಂಟೆಗೆ 12,000 ಬಿಟಿಯು (ಶಾಖದ ಅಳತೆ) ಶಾಖ ಹೊರಹಾಕುವ ಎಸಿ, ಅಂದರೆ ಹತ್ತಿರ ಹತ್ತಿರ 3.5 ಕಿಲೋವ್ಯಾಟ್. ಅಲ್ಲಿಗೆ ಶೀಟಿನ ಜೊತೆ ಗುದ್ದಾಡುವುದರಲ್ಲೇ ಎಸಿ ಸುಸ್ತಾಯಿತು. ಗೋಡೆ, ಬಾಗಿಲು, ಗರಗಸ, ನೀವು, ಎಲ್ಲ ಇನ್ನೂ ಬಾಕಿ ಇದೆ.

ಅದೇ ಶೀಟಿನ ಕೆಳಗೆ 50 ಮಿಲಿಮೀಟರ್ ದಪ್ಪದ ಥರ್ಮೋಕೋಲ್ ಅಥವಾ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಕೂರಿಸಿದರೆ ಒಳಗೆ ಇಳಿಯುವ ಶಾಖ ಹತ್ತನೇ ಒಂದು ಭಾಗಕ್ಕೆ ಬರುತ್ತದೆ. ನಾನು ನನ್ನ ಶೆಡ್ಡಿಗೆ ಮೊದಲು ಎಸಿ ಹಾಕಿಸಿ ಆಮೇಲೆ ಸೂರು ಮಾಡಿಸಿದೆ. ಸೂರು ಮಾಡಿಸಿದ ದಿನ ಗೊತ್ತಾಯಿತು, ಎರಡು ಬೇಸಿಗೆ ಸುಮ್ನೆ ಕರೆಂಟು ಸುಟ್ಟಿದ್ದೆ ಅಂತ. ಒಂದು ಎಚ್ಚರಿಕೆ: ಥರ್ಮೋಕೋಲನ್ನು ಬರಿದಾಗಿ ಬಿಡಬೇಡಿ. ಗ್ರೈಂಡರ್ ಕಿಡಿ ತಾಗಿದರೆ ಬೇಗ ಹತ್ತಿಕೊಳ್ಳುತ್ತದೆ. ಕೆಳಗಿನಿಂದ ಜಿಪ್ಸಮ್ ಬೋರ್ಡು ಹೊಡೆದು ಮುಚ್ಚಿ. ಕಿಡಿ ಹಾರುವ ಕೆಲಸ ಜಾಸ್ತಿ ಇದ್ದರೆ ರಾಕ್‌ವೂಲೇ ಒಳ್ಳೆಯದು, ಅದು ಉರಿಯುವುದಿಲ್ಲ.

ಪುಡಿ ಪೈಪು

ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ಪ್ರಶ್ನೆ ಓದಿದಾಗ ನನಗೆ ಥಟ್ ಅಂತ ಕಣ್ಣಿಗೆ ಬಿದ್ದದ್ದು ಆ ಬ್ಲೋವರ್. 1 ಎಚ್‌ಪಿ ಬ್ಲೋವರ್ ನಿಮಿಷಕ್ಕೆ 600 ಘನ ಅಡಿ ಗಾಳಿ ಎಳೆಯುತ್ತದೆ ಅಂತ ಹಿಡಿಯಿರಿ. ಸೂರು 9 ಅಡಿ ಎತ್ತರ ಇದ್ದರೆ ನಿಮ್ಮ ಶೆಡ್ಡಿನಲ್ಲಿ ಇರುವ ಗಾಳಿಯೇ 1,700 ಘನ ಅಡಿ ಚಿಲ್ಲರೆ. ಅಂದರೆ ಮೂರು ನಿಮಿಷಕ್ಕೆ ಒಂದು ಸಲ ತಣ್ಣನೆ ಗಾಳಿ ಪೂರ್ತಿ ಹೊರಗೆ ಹೋಗಿ, ಬಾಗಿಲ ಸಂದಿನಿಂದ ಅಷ್ಟೇ ಬಿಸಿ ಗಾಳಿ ಒಳಗೆ ಬರುತ್ತದೆ. ಹೊರಗೆ 37, ಒಳಗೆ 27 ಡಿಗ್ರಿ ಇದ್ದರೆ ಆ ಗಾಳಿಯನ್ನು ತಣಿಸುವುದಕ್ಕೇ ಹೆಚ್ಚು ಕಡಿಮೆ 1 ಟನ್ ಬೇಕು. ಅದರ ತೇವ ಹಿಂಡಲು ಇನ್ನೂ ಮೇಲೆ. ಅಂಗಡಿಯವರು 2 ಟನ್ ಅಂದಿದ್ದು ಇದಕ್ಕೇ ಇರಬಹುದು, ಆದರೆ ಅದು ತೂತು ಕೊಡಕ್ಕೆ ದೊಡ್ಡ ನಲ್ಲಿ ಇಟ್ಟ ಹಾಗೆ.

ಒಂದೇ ಪೈಪಿನ ಪೋರ್ಟಬಲ್ ಎಸಿಯದ್ದೂ ಇದೇ ಕಥೆ. ಅದು ತನ್ನ ಬಿಸಿ ಹೊರಹಾಕಲು ಕೋಣೆಯ ಗಾಳಿಯನ್ನೇ ಎಳೆದು ಆಚೆ ಬಿಡುತ್ತದೆ. ಆಚೆ ಹೋದಷ್ಟು ಗಾಳಿ ಸಂದುಗಳಿಂದ ಬಿಸಿಬಿಸಿಯಾಗಿ ಒಳಗೆ ಬರುತ್ತದೆ. ದಯವಿಟ್ಟು ಅದನ್ನು ಬಿಟ್ಟುಬಿಡಿ.

ಹಿತ್ತಲ ಬಡಗಿ

ಬ್ಲೋವರ್ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ! ಹಾಗಾದರೆ ಗಾಳಿಯನ್ನು ಒಳಗೇ ಬಿಡಬೇಕಾ? ಪುಡಿ ಎಲ್ಲ ಶ್ವಾಸಕ್ಕೆ ಹೋಗುತ್ತದೆ ಅಲ್ವಾ?

ಪುಡಿ ಪೈಪು

ಹೋಗುತ್ತದೆ, ಅದಕ್ಕೇ ಬಟ್ಟೆ ಚೀಲದ ಬ್ಲೋವರ್ ಆದರೆ ಒಳಗೆ ಬಿಡಲೇಬೇಡಿ. ದಪ್ಪ ಹೊಟ್ಟು ಚೀಲದಲ್ಲಿ ನಿಲ್ಲುತ್ತದೆ, ಕಣ್ಣಿಗೆ ಕಾಣದ ಸಣ್ಣ ಪುಡಿ ಮಾತ್ರ ಬಟ್ಟೆ ದಾಟಿ ಬರುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಅದೇ. ಮರದ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಕ್ಯಾನ್ಸರ್ ತರುವ ವಸ್ತು ಅಂತ ಪಟ್ಟಿ ಮಾಡಿದೆ. ಒಳಗೆ ಬಿಡುವುದಾದರೆ ತೀರಾ ಸಣ್ಣ ಪುಡಿಯನ್ನೂ ಹಿಡಿಯುವ ಒಳ್ಳೆ ಹೆಪಾ ಫಿಲ್ಟರ್ ಬೇಕು, ಮಾಸ್ಕ್ ಹೇಗಿದ್ದರೂ ಬೇಕು.

ನಾನು ಮಾಡುವುದು ಇನ್ನೂ ಸುಲಭ. ಕೊಯ್ಯುವ, ಗೀಸುವ ಕೆಲಸ ಎಲ್ಲ ಬೆಳಗ್ಗೆ ತಂಪು ಹೊತ್ತಿನಲ್ಲಿ, ಬಾಗಿಲು ತೆರೆದು, ಎಸಿ ಬಂದ್ ಮಾಡಿ, ಪುಡಿ ಹೊರಗೆ ಬಿಟ್ಟುಕೊಂಡು ಮುಗಿಸುತ್ತೇನೆ. ಮಧ್ಯಾಹ್ನ ಬಾಗಿಲು ಹಾಕಿ, ಎಸಿ ಹಾಕಿ, ಉಳಿ ಕೆಲಸ, ಜೋಡಣೆ, ಅಂಟು ಹಾಕುವುದು. ಹೀಗೆ ದಿನವನ್ನು ಭಾಗ ಮಾಡಿಕೊಂಡ ಮೇಲೆ 1 ಟನ್ನಿನಲ್ಲೇ ನಡೆಯುತ್ತಿದೆ.

ಹಳೇ ಮೆಕ್ಯಾನಿಕ್

ಎಸಿ ರಿಪೇರಿ ಮಾಡಿಕೊಂಡು ಬಂದವನಾಗಿ ಹೇಳುತ್ತೇನೆ, ಮರಗೆಲಸದ ಶೆಡ್ಡಿಗೆ ನನ್ನ ಮತ ವಿಂಡೋ ಎಸಿಗೆ. ಎಸಿಯಲ್ಲಿ ಗಾಳಿ ತಣಿಸುವ ಕೊಳವೆ ಸುರುಳಿ, ಅಂದರೆ ಒಳಗಿನ ಕಾಯಿಲ್, ಯಾವಾಗಲೂ ಒದ್ದೆ ಇರುತ್ತದೆ. ಜಾಲರಿ ದಾಟಿ ಬಂದ ಸಣ್ಣ ಪುಡಿ ಅಲ್ಲಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಗಾಳಿ ಓಡಾಟ ಕಡಿಮೆ ಆಗಿ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಜನ ಗ್ಯಾಸ್ ಹೋಗಿದೆ ಅಂತ ಕರೆಸುತ್ತಾರೆ, ಬಿಚ್ಚಿ ನೋಡಿದರೆ ಬರೀ ಮರದ ಪುಡಿ. ವಿಂಡೋ ಎಸಿ ಆದರೆ ಪೂರ್ತಿ ಹೊರಗೆ ಎಳೆದು ಅಂಗಳದಲ್ಲಿಟ್ಟು ತೊಳೆಯಬಹುದು. ಸ್ಪ್ಲಿಟ್‌ನ ಉದ್ದ ಬ್ಲೋವರ್ ಉರುಳೆಯ ರೆಕ್ಕೆಗಳಲ್ಲಿ ಪುಡಿ ಕೂತರೆ ಅದನ್ನು ತೆಗೆಯುವುದು ದೊಡ್ಡ ಕೆಲಸ.

ಸ್ಪ್ಲಿಟ್ಟೇ ಬೇಕು ಅಂದರೆ ಇನ್ವರ್ಟರ್ ಎಸಿ (ಬೇಕಾದಷ್ಟೇ ವೇಗದಲ್ಲಿ ಕಂಪ್ರೆಸರ್ ಓಡಿಸುವ ಬಗೆ) ತಗೊಳ್ಳಿ, ಸದ್ದು ಕಡಿಮೆ, ಕರೆಂಟೂ ಉಳಿಯುತ್ತದೆ. ಪೈಪು ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಳೆಯದೆ ಗ್ಯಾಸ್ ಬಿಡಲು ಒಪ್ಪಬೇಡಿ. ಯಾವುದೇ ಆಗಲಿ, ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯಿರಿ, ಮನೆಯ ಎಸಿ ಹಾಗೆ ತಿಂಗಳುಗಟ್ಟಲೆ ಬಿಡಬೇಡಿ. ಮೇನ್ ಬೋರ್ಡಿನಿಂದ ಎಸಿಗೆ ಬೇರೆ ಲೈನ್, ಬೇರೆ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು), ಸರಿಯಾದ ಅರ್ಥಿಂಗ್. ಗರಗಸದ ಮೋಟರ್ ಶುರುವಾಗುವ ಗಳಿಗೆಯಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಶೆಡ್ಡಿಗೆ ಉದ್ದನೆಯ ತೆಳು ವೈರು ಎಳೆದಿದ್ದರೆ ವೋಲ್ಟೇಜ್ ಕುಸಿದು ಎಸಿಗೆ ಪೆಟ್ಟು.

ತುಕ್ಕಿನ ಶತ್ರು

2 ಟನ್ ಯಾಕೆ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ. ಸೂರು ಸರಿ ಮಾಡಿದ ಸಣ್ಣ ಜಾಗಕ್ಕೆ ದೊಡ್ಡ ಎಸಿ ಹಾಕಿದರೆ ಐದು ನಿಮಿಷದಲ್ಲಿ ತಂಪಾಗಿ ನಿಂತುಬಿಡುತ್ತದೆ. ತೇವ ಹಿಂಡಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಒಳಗೆ ತಣ್ಣಗೆ, ಆದರೆ ಜಿಗುಟು. ಉಳಿ, ಗರಗಸದ ಮೇಜು ತುಕ್ಕು ಹಿಡಿಯುತ್ತವೆ, ಮರ ಊದುತ್ತದೆ, ಕೂಡಿಸಿದ ಸಂದು ಬಿಗಿಯಾಗುತ್ತದೆ. ನೀರಿನ ಕೂಲರ್ ಯಾರಾದರೂ ಹೇಳಿದರೆ ಅದೂ ಬೇಡ, ಅದು ತೇವವನ್ನು ಇನ್ನೂ ಸೇರಿಸುತ್ತದೆ.

ನನಗೆ ತುಂಬ ಇಷ್ಟವಾದ ವಿಷಯ ಒಂದಿದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಮೊದಲ ಆಧುನಿಕ ಎಸಿ ವ್ಯವಸ್ಥೆ ರೂಪಿಸಿದ್ದು ಮನುಷ್ಯರ ಸೆಕೆಗೆ ಅಲ್ಲ, ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಹಚ್ಚುವ ಬಣ್ಣಗಳು ಸಾಲು ತಪ್ಪುತ್ತಿದ್ದವು. ನಮ್ಮ ಮರಕ್ಕೂ ಅದೇ ತೊಂದರೆ ಅಲ್ವಾ. ಚಿಕ್ಕದೊಂದು ತೇವಮಾಪಕ ಗೋಡೆಗೆ ಹಾಕಿ, 40ರಿಂದ 50 ಪರ್ಸೆಂಟ್ ಒಳಗೆ ಇಟ್ಟುಕೊಳ್ಳಿ.

ಸ್ಪ್ರೇ ಪಾಲಿಶ್ ವಿಷಯ ಯಾರೂ ಮುಟ್ಟಲಿಲ್ಲ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದ್ದನ್ನೇ ತಿರುಗಿಸುತ್ತದೆ. ಬಾಗಿಲು ಹಾಕಿ ಥಿನ್ನರ್ ಹೊಡೆದರೆ ಆವಿ ತುಂಬಿಕೊಳ್ಳುತ್ತದೆ. ತಲೆ ಸುತ್ತುವುದು ಒಂದು ಕಡೆ, ಒಂದು ಸ್ವಿಚ್ಚಿನ ಕಿಡಿ ಸಾಕು ಬೆಂಕಿಗೆ. ಸ್ಪ್ರೇ ಕೆಲಸ ಬಯಲಲ್ಲಿ ಮಾಡಿ, ವಾಸನೆ ಪೂರ್ತಿ ಹೋದ ಮೇಲೆ ಮರವನ್ನು ಒಳಗೆ ತನ್ನಿ.

ಹಿತ್ತಲ ಬಡಗಿ

ತುಂಬಾ ಉಪಕಾರ ಆಯಿತು. ಮೊದಲು ಸೂರು, ಬಾಗಿಲಿಗೆ ರಬ್ಬರ್ ಪಟ್ಟಿ. ಆಮೇಲೆ 1 ಟನ್ ವಿಂಡೋ ಎಸಿ. ಹಿಂದಿನ ಗೋಡೆಯಲ್ಲಿ, ಪುಡಿ ಪೈಪು ಹೊರಗೆ ಬರುವ ಜಾಗದ ಪಕ್ಕದಲ್ಲೇ ಕೂರಿಸಬಹುದಾ?

ಹಳೇ ಮೆಕ್ಯಾನಿಕ್

ಅಲ್ಲಿ ಬೇಡವೇ ಬೇಡ. ಹೊರಗಿನ ಕಾಯಿಲ್ ಆ ಪುಡಿಯನ್ನೆಲ್ಲ ಎಳೆದುಕೊಂಡು ವಾರದಲ್ಲಿ ಕಟ್ಟಿಹೋಗುತ್ತದೆ. ಬೇರೆ ಗೋಡೆ ನೋಡಿ, ನೆರಳಿರುವ ಕಡೆ. ನೀರು ಹೊರಗೆ ಹರಿಯಲು ಹಿಂಬದಿ ಸ್ವಲ್ಪ ತಗ್ಗಿಸಿ ಕೂರಿಸಿ.