‘ಸೌಂಡ್ ಒಡೆಯುತ್ತೆ’ ಅನ್ನೋದು ಕ್ಲಿಪ್ಪಿಂಗ್‌ಗೆ ಸಾಕೇ?

ಡಿಜಿಟಲ್ ಆಡಿಯೊ ಮಿಕ್ಸಿಂಗ್ ಕಲಿಯುವ ಹೊಸಬರಿಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಕ್ಲಿಪ್ಪಿಂಗ್, ಅಂದರೆ ಸದ್ದು ಮಿತಿ ಮೀರಿದಾಗ ಅಲೆಯ ತುದಿ ಹೋಗಿಬಿಡುವುದು; ಈ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವಲ್ಲಿ ಕೆಲಸ ನಿಂತಿದೆ. ಮಾತಿನಲ್ಲಿ ನಾವೆಲ್ಲ ‘ಸೌಂಡ್ ಒಡೆಯುತ್ತೆ’ ಅಂತೀವಿ. ಕಿವಿಗೆ ಕೇಳುವುದನ್ನು ಆ ಮಾತು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಸ್ಪೀಕರ್ ಹಾಳಾದರೂ ಸೌಂಡ್ ಒಡೆಯುತ್ತೆ, ಫೋನಿಗೆ ಸಿಗ್ನಲ್ ಸರಿಯಾಗಿ ಸಿಗದಿದ್ದರೂ ಒಡೆಯುತ್ತೆ. ಓದುವವರು ತಪ್ಪನ್ನು ಎಲ್ಲಿ ಹುಡುಕಬೇಕು?

ಒಳಗೆ ಏನಾಗುತ್ತದೆ ನೋಡಿ. 16 ಬಿಟ್ ಆಡಿಯೊದಲ್ಲಿ ಒಂದು ಸ್ಯಾಂಪಲ್‌ಗೆ (ಅಲೆಯ ಒಂದು ಕ್ಷಣದ ಅಳತೆಗೆ) ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 32767. ಹಾಡಿನ ಟ್ರ್ಯಾಕ್‌ನಲ್ಲಿ 20000, ಡ್ರಮ್ ಟ್ರ್ಯಾಕ್‌ನಲ್ಲಿ 18000 ಇದೆ ಅಂದುಕೊಳ್ಳಿ. ಬೇರೆ ಬೇರೆಯಾಗಿ ಕೇಳಿದರೆ ಎರಡೂ ಸರಿಯಾಗಿವೆ. ಮಿಕ್ಸ್ ಮಾಡುವುದು ಅಂದರೆ ಕೂಡಿಸುವುದು, ಅಲ್ವಾ? 38000 ಆಯಿತು. ಅದಕ್ಕೆ ಜಾಗವಿಲ್ಲ, 32767 ಅಂತಲೇ ಬರೆಯಬೇಕು. ಮುಂದಿನ ಸ್ಯಾಂಪಲ್ 41000 ಬಂದರೂ ಮತ್ತೆ ಅದೇ 32767. ಗುಂಡಗಿರಬೇಕಾದ ಅಲೆಯ ತಲೆ ಚಪ್ಪಟೆಯಾಗುತ್ತದೆ. ಆಮೇಲೆ ವಾಲ್ಯೂಮ್ ಇಳಿಸಿದರೂ ಚಪ್ಪಟೆ ತಲೆ ಹಾಗೇ ಕೆಳಗಿಳಿಯುತ್ತದೆ ಅಷ್ಟೇ, ಹೋದ ತುದಿ ವಾಪಸ್ ಬರುವುದಿಲ್ಲ.

ಅದಕ್ಕೇ ನನಗೆ ‘ಮೊಟಕಾಗು’ ಹಿಡಿಸಿದೆ. ‘ಅಲೆಯ ತುದಿ ಮೊಟಕಾಗಿದೆ’ ಅಂದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ‘ಕತ್ತರಿಸು’ ಬೇಡ. ಎಡಿಟಿಂಗ್‌ನಲ್ಲಿ ಬೇಡದ ಭಾಗ ತೆಗೆಯುವುದಕ್ಕೆ ಅದು ಬೇಕಾಗುತ್ತದೆ.

ಇಲ್ಲೊಂದು ತೊಡಕಿದೆ. ಈಗಿನ ಹೆಚ್ಚಿನ ಮಿಕ್ಸಿಂಗ್ ಸಾಫ್ಟ್‌ವೇರ್‌ಗಳು ಒಳಗೆ ಫ್ಲೋಟ್ ಲೆಕ್ಕದಲ್ಲಿ, ಅಂದರೆ ಮಿತಿಗಿಂತ ಬಹಳ ದೊಡ್ಡ ಸಂಖ್ಯೆಗೂ ಜಾಗವಿರುವ ಲೆಕ್ಕದಲ್ಲಿ, ಕೆಲಸ ಮಾಡುತ್ತವೆ. ಅಲ್ಲಿ ಸದ್ದಿನ ಮಟ್ಟ ತೋರಿಸುವ ಮೀಟರ್ ಕೆಂಪಾದರೂ ಸಾಮಾನ್ಯವಾಗಿ ತುದಿ ಇನ್ನೂ ಉಳಿದಿರುತ್ತದೆ. ಮಾಸ್ಟರ್ ಫೇಡರ್ (ಇಡೀ ಮಿಕ್ಸ್‌ನ ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಇಳಿಸಿದರೆ ಅಲೆ ಪೂರ್ತಿ ಸಿಗುತ್ತದೆ. ಹಾಗೇ ಬಿಟ್ಟು 16 ಬಿಟ್ ಫೈಲ್ ಮಾಡಿದರೆ ಮಾತ್ರ ಮೊಟಕಾಗುತ್ತದೆ. ರೆಕಾರ್ಡಿಂಗ್‌ನಲ್ಲೇ ಮೈಕ್ ಗೇನ್ ಜಾಸ್ತಿಯಾಗಿ ಮೊಟಕಾಗಿದ್ದರೆ ಫೇಡರ್‌ನಿಂದ ಉಪಯೋಗವಿಲ್ಲ. ಹಾಗಾಗಿ ‘ಮಿತಿ ದಾಟಿದೆ’ ಮತ್ತು ‘ಮೊಟಕಾಗಿದೆ’ ಎರಡನ್ನೂ ಬೇರೆಯಾಗಿಯೇ ಇಡಬೇಕು. ಒಂದಕ್ಕೆ ಪರಿಹಾರವಿದೆ, ಇನ್ನೊಂದು ರೆಕಾರ್ಡಿಂಗ್‌ನಲ್ಲೇ ಆಗಿದ್ದರೆ ಮತ್ತೆ ಹಾಡಿಸಬೇಕು.

ಹೆಡ್‌ರೂಮ್‌ಗೆ ಸದ್ಯ ‘ಮೇಲೆ ಬಿಟ್ಟ ಜಾಗ’ ಅಂತ ಬರೆದಿದ್ದೇನೆ: ‘ಜೋರಾದ ಕಡೆಯೂ ಮೀಟರ್ -6 ಡೆಸಿಬೆಲ್ ದಾಟದಿರಲಿ, ಮೇಲೆ ಅಷ್ಟು ಜಾಗ ಬಿಡಿ.’ ಇದು ಓದಲು ಸುಲಭವಾಗಿದೆ, ಹೊಸ ಪದ ಕಟ್ಟುವ ಅಗತ್ಯ ಕಾಣುತ್ತಿಲ್ಲ.

ನಿಜವಾಗಿ ತಲೆ ಕೆಡಿಸಿರುವುದು ಸೊನ್ನೆ. ಮೀಟರ್‌ನಲ್ಲಿ ಸೊನ್ನೆ ಅಂದರೆ ತುತ್ತತುದಿ, ಅದರ ಮೇಲೆ ಜಾಗವಿಲ್ಲ. ಫೇಡರ್‌ನಲ್ಲಿ ಸೊನ್ನೆ ಅಂದರೆ ಏರಿಸಿಯೂ ಇಲ್ಲ, ಇಳಿಸಿಯೂ ಇಲ್ಲ. ಸುಮ್ನೆ ‘ಸೊನ್ನೆಗೆ ತನ್ನಿ’ ಅಂತ ಬರೆದರೆ ಹೊಸಬರು ಸದ್ದು ಪೂರ್ತಿ ನಿಲ್ಲಿಸಬೇಕು ಅಂದುಕೊಳ್ಳುತ್ತಾರೆ. ಫೇಡರ್‌ನ ಸೊನ್ನೆಗೆ ‘ಇದ್ದ ಹಾಗೆ’, ಮೀಟರ್‌ನ ಸೊನ್ನೆಗೆ ‘ಮೇಲ್ಮಿತಿ’ ಅಂತ ಬರೆದರೆ ಸರಿಹೋಗುತ್ತದೆಯೇ? ಸೌಂಡ್ ಕೆಲಸ ಮಾಡುವವರು ಮಾತಿನಲ್ಲಿ ಇವೆರಡಕ್ಕೂ ಏನನ್ನುತ್ತೀರಿ, ದಯವಿಟ್ಟು ತಿಳಿಸಿ. ‘ಮೊಟಕಾಗು’ ನಿಮ್ಮ ಕಡೆ ಬೇರೆ ಅರ್ಥ ಕೊಡುತ್ತದೆ ಅಂತಿದ್ದರೆ ಅದನ್ನೂ ಬರೆಯಿರಿ.