ಮೂಲೆ ಮಂಕಾದ ಸ್ಲೈಡ್ ಚಿತ್ರವನ್ನು ‘ತಿದ್ದುವುದೇ’, ‘ಸರಿದೂಗಿಸುವುದೇ’?

ಬಳಗದ ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ಕೃಷಿ ಓದುವ ವಿದ್ಯಾರ್ಥಿಗಳಿಗಾಗಿ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಚಿತ್ರ ತೆಗೆಯುವ ಬಗ್ಗೆ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ತೊಗರಿಯ ನೆಟೆ ರೋಗವೇ ಅದರ ಮುಖ್ಯ ಉದಾಹರಣೆ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು, ನೀರು ಸಾಗುವ ನಾಳಗಳನ್ನು ಕಟ್ಟಿಬಿಡುತ್ತದೆ. ಕಾಂಡವನ್ನು ಅಡ್ಡ ಕೊಯ್ದು ತೆಳುಪದರವನ್ನು ಗಾಜಿನ ಮೇಲಿಟ್ಟು ನೋಡಿದರೆ ಆ ನಾಳಗಳು ಕಂದು ತಿರುಗಿರುವುದು ಕಾಣುತ್ತದೆ. ಎಷ್ಟು ಭಾಗ ಕಂದಾಗಿದೆ ಎಂದು ಕಂಪ್ಯೂಟರಿನಲ್ಲಿ ಅಳೆಯಲು, ಇಷ್ಟಕ್ಕಿಂತ ಗಾಢವಾದದ್ದೆಲ್ಲ ರೋಗದ ಭಾಗ ಎಂದು ಒಂದು ಮಿತಿ ಹಾಕುತ್ತೇವೆ. ಆದರೆ ಚಿತ್ರದ ನಡುವೆ ಬೆಳಕು ಹೆಚ್ಚು, ಮೂಲೆಗಳಲ್ಲಿ ಕಡಿಮೆ. ಹಾಗಾಗಿ ಮೂಲೆಗೆ ಬಿದ್ದ ಆರೋಗ್ಯವಂತ ಕೋಶಗಳೂ ರೋಗದ ಲೆಕ್ಕಕ್ಕೆ ಸೇರಿಬಿಡುತ್ತವೆ. ಇಡೀ ಸ್ಲೈಡನ್ನು ತುಂಡುತುಂಡಾಗಿ ತೆಗೆದು ಜೋಡಿಸಿದಾಗಲಂತೂ ಪ್ರತಿ ತುಂಡಿನ ಅಂಚೂ ಶಹಾಬಾದ್ ಕಲ್ಲಿನ ನೆಲದ ಸಂದುಗಳಂತೆ ಎದ್ದು ಕಾಣುತ್ತದೆ.

ಈ ಬೆಳಕಿನ ವ್ಯತ್ಯಾಸವನ್ನು ಲೆಕ್ಕದಿಂದ ನಿವಾರಿಸುವ ಕ್ರಮಕ್ಕೆ ಇಂಗ್ಲಿಷಿನಲ್ಲಿ ಫ್ಲಾಟ್-ಫೀಲ್ಡ್ ಕರೆಕ್ಷನ್ ಎನ್ನುತ್ತಾರೆ. ಇದಕ್ಕೊಂದು ಕನ್ನಡ ಮಾತು ಬೇಕಾಗಿದೆ. ‘ಸಮತಟ್ಟು ಕ್ಷೇತ್ರ ತಿದ್ದುಪಡಿ’ ಎಂಬ ಪದಕ್ಕೆ ಪದ ಕೂಡಿಸಿದ ರೂಪ ಬೇಡವೇ ಬೇಡ. ಒಕ್ಕಲು ಮನೆತನದ ಹುಡುಗನಿಗೆ ಸಮತಟ್ಟು ಎಂದರೆ ಹೊಲ. ತಿದ್ದುಪಡಿ ಎಂದರೆ ನಮ್ಮ ಭಾಗದಲ್ಲಿ 371 (ಜೆ) ವಿಧಿಯನ್ನು ತಂದುಕೊಟ್ಟ ಸಂವಿಧಾನದ 98ನೇ ತಿದ್ದುಪಡಿ.

ಪ್ರಯೋಗಾಲಯದ ಬಾಯಿಮಾತಿನಲ್ಲಿ ಈಗ ಚಾಲ್ತಿಯಲ್ಲಿರುವುದು ‘ಬ್ಯಾಕ್‌ಗ್ರೌಂಡ್ ಕಳೆಯುವುದು’. ಇಮೇಜ್‌ಜೆ ಎಂಬ ಚಿತ್ರ ಅಳೆಯುವ ತಂತ್ರಾಂಶದ ಪಟ್ಟಿಯಲ್ಲಿ ಸಬ್‌ಟ್ರಾಕ್ಟ್ ಬ್ಯಾಕ್‌ಗ್ರೌಂಡ್ ಎಂಬ ಆಯ್ಕೆ ಇರುವುದರಿಂದ ಈ ಮಾತು ಬೇರೂರಿದೆ. ನನ್ನ ಮುಖ್ಯ ತಕರಾರು ಇರುವುದು ಇಲ್ಲೇ. ಕೆಳಗಿನಿಂದ ದೀಪ ಹಾಯಿಸಿ ನೋಡುವ ಸ್ಲೈಡಿನಲ್ಲಿ ಮಾಡಬೇಕಾದದ್ದು ಕಳೆಯುವ ಲೆಕ್ಕವಲ್ಲ, ಭಾಗಿಸುವ ಲೆಕ್ಕ.

ಅಂಕಿಗಳನ್ನೇ ಇಟ್ಟು ನೋಡಿ. ಮಾದರಿಯಿಲ್ಲದ ಖಾಲಿ ಗಾಜಿನ ಚಿತ್ರದಲ್ಲಿ ನಡುವಿನ ಬೆಳಕು 200, ಮೂಲೆಯದು 120 ಎಂದಿಟ್ಟುಕೊಳ್ಳೋಣ. ಬಿದ್ದ ಬೆಳಕಿನಲ್ಲಿ ಅರ್ಧವನ್ನು ಮಾತ್ರ ಹಾಯಗೊಡುವ ಅಂಗಾಂಶ ನಡುವೆ ಬಂದರೆ 100 ಸಿಗುತ್ತದೆ, ಅದೇ ಅಂಗಾಂಶ ಮೂಲೆಗೆ ಬಂದರೆ 60. ಖಾಲಿ ಚಿತ್ರದ ಅಂಕಿಯಿಂದ ಇವನ್ನು ಕಳೆದರೆ ನಡುವೆ 100, ಮೂಲೆಯಲ್ಲಿ 60 ಉಳಿಯುತ್ತದೆ. ಒಂದೇ ಅಂಗಾಂಶಕ್ಕೆ ಎರಡು ಉತ್ತರ. ಖಾಲಿ ಚಿತ್ರದಿಂದ ಭಾಗಿಸಿದರೆ ಎರಡೂ ಕಡೆ 0.5. ಅಂಗಾಂಶ ಬೆಳಕನ್ನು ತಡೆಯುವುದು ಬಿದ್ದ ಬೆಳಕಿನ ಇಂತಿಷ್ಟು ಪಾಲು ಎಂಬ ಲೆಕ್ಕದಲ್ಲಿ. ಆದ್ದರಿಂದ ಪಾಲಿನ ಲೆಕ್ಕವೇ ಸರಿ. ಕಳೆಯುವುದು ಇದರಲ್ಲಿ ಇಲ್ಲವೇ ಇಲ್ಲ ಎಂದಲ್ಲ. ದೀಪದ ಬೆಳಕನ್ನು ಪೂರ್ತಿ ತಡೆದು ಅಷ್ಟೇ ಹೊತ್ತು ತೆಗೆದ ಕತ್ತಲ ಚಿತ್ರವನ್ನು ಮಾದರಿಯ ಚಿತ್ರದಿಂದಲೂ ಖಾಲಿ ಚಿತ್ರದಿಂದಲೂ ಮೊದಲು ಕಳೆದು, ಆಮೇಲೆ ಭಾಗಿಸಬೇಕು. ಬಣ್ಣದ ಚಿತ್ರವಾದರೆ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆಬೇರೆಯಾಗಿ. ಮಾದರಿಯೇ ಬೆಳಕು ಸೂಸುವ ಪ್ರತಿದೀಪ್ತಿಯ (ಫ್ಲೋರೆಸೆನ್ಸ್) ಚಿತ್ರಗಳಲ್ಲಿ ಎಲ್ಲಿಂದಲೋ ಬಂದ ಬೆಳಕು ಮೇಲೆ ಕೂಡಿಕೊಂಡಿರುತ್ತದೆ, ಅದನ್ನು ಕಳೆಯಲೇಬೇಕು. ‘ಕಳೆಯುವುದು’ ಎಂಬ ಮಾತು ಸಲ್ಲುವುದು ಅಲ್ಲಿ. ಎರಡಕ್ಕೂ ಒಂದೇ ಹೆಸರಿಟ್ಟರೆ ವಿದ್ಯಾರ್ಥಿ ಹೆಸರನ್ನು ನಂಬಿ ತಪ್ಪು ಗುಂಡಿ ಒತ್ತುತ್ತಾನೆ.

ಇನ್ನು ‘ತಿದ್ದುವುದು’. ನನಗೆ ಪ್ರೀತಿಯ ಕ್ರಿಯಾಪದ. ಮಕ್ಕಳು ಪಾಟಿಯ ಮೇಲೆ ಅಕ್ಷರ ತಿದ್ದುತ್ತಾರೆ, ಬರಹವನ್ನು ತಿದ್ದಿ ತೀಡುತ್ತೇವೆ. ಆದರೆ ‘ತಿದ್ದಿದ ಅಂಕಪಟ್ಟಿ’ ಎಂದ ಕೂಡಲೇ ಅರ್ಥ ಮೋಸದ ಕಡೆಗೆ ವಾಲುತ್ತದೆ. ಸಂಶೋಧನಾ ವರದಿಯಲ್ಲಿ ‘ಇದು ತಿದ್ದಿದ ಚಿತ್ರ’ ಎಂದು ಬರೆದರೆ, ಓದಿದವರು ಮಾದರಿಯಲ್ಲಿ ಇಲ್ಲದ್ದನ್ನು ತೋರಿಸಿದ್ದಾರೆಂದು ಅನುಮಾನಿಸಿದರೆ ತಪ್ಪೇನು? ನಾವು ಸರಿಪಡಿಸುತ್ತಿರುವುದು ದೀಪ ಮತ್ತು ಮಸೂರಗಳ ಕೊರತೆಯನ್ನು, ಕಾಂಡದ ಚಿತ್ರವನ್ನಲ್ಲ. ಆ ಭೇದ ಮಾತಿನಲ್ಲೇ ಕಾಣಬೇಕು.

ಹೀಗಾಗಿ ನನ್ನ ಒಲವು ‘ಬೆಳಕು ಸರಿದೂಗಿಸುವುದು’ ಎಂಬುದರ ಕಡೆಗೆ. ಅದರೊಳಗೆ ತೂಗುವ ಕ್ರಿಯೆ ಇದೆ. ಒಂದರ ಎದುರಿಗೆ ಇನ್ನೊಂದನ್ನು ಇಟ್ಟು ನೋಡುವ ಭಾವ ಪಾಲಿನ ಲೆಕ್ಕಕ್ಕೆ ಹತ್ತಿರ. ಒಂದು ಅಳುಕೂ ಇದೆ. ‘ಖರ್ಚು ಸರಿದೂಗಿಸಿದೆ’ ಎನ್ನುವಾಗ ಕಡಿಮೆ ಬಿದ್ದದ್ದನ್ನು ಮೇಲೆ ಸೇರಿಸಿದೆ ಎಂಬ ಅರ್ಥ ಬರುತ್ತದೆ. ಅದು ಕೂಡುವ ಲೆಕ್ಕ, ನಮಗೆ ಬೇಕಾದದ್ದಲ್ಲ. ‘ಸಮೀಕರಿಸುವುದು’ ಎಂದರೆ ಗಣಿತದ ಸಮೀಕರಣ ಅಡ್ಡ ಬರುತ್ತದೆ. ನಮ್ಮ ಕಡೆಯ ‘ಬರಾಬರಿ ಮಾಡುವುದು’ ಬಾಯಿಗೆ ಬಹಳ ಚೆನ್ನಾಗಿ ಕೂರುತ್ತದೆ. ಕಲಬುರಗಿ, ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿತು, ಪರಿಭಾಷೆಗೆಂದೇ ಅನುವಾದ ವಿಭಾಗವನ್ನು ಇಟ್ಟುಕೊಂಡಿತ್ತು. ಆ ಬಾಗಿಲಿನಿಂದ ಬಂದ ಮಾತುಗಳನ್ನು ಕೀಳೆಂದು ದೂರ ಇಡುವವನು ನಾನಲ್ಲ. ಆದರೆ ಮೈಸೂರಿನ ಓದುಗರಿಗೂ ಕೈಪಿಡಿ ತಲುಪಬೇಕಲ್ಲ. ಪತ್ರಿಕೆಗಳ ‘ಬರೋಬ್ಬರಿ’ ಅವರನ್ನು ಬೇರೆಯೇ ಅರ್ಥಕ್ಕೆ ಎಳೆಯುತ್ತದೆ.

ದೋಷದ ಹೆಸರೂ ಇತ್ಯರ್ಥವಾಗಬೇಕು. ‘ಮಸುಕು’ ಎಂದು ಬರೆದರೆ ಬೆಳಕು ಕಡಿಮೆ ಎಂದೂ ಆಗುತ್ತದೆ, ಫೋಕಸ್ ತಪ್ಪಿದೆ ಎಂದೂ ಆಗುತ್ತದೆ. ಮೂಲೆ ಮಸುಕಾಗಿದೆ ಎಂದು ಓದಿದ ವಿದ್ಯಾರ್ಥಿ ಫೋಕಸ್ ತಿರುಪನ್ನು ತಿರುಗಿಸತೊಡಗುತ್ತಾನೆ. ‘ದೀಪ ಮಂಕಾಯಿತು’ ಎನ್ನುವಾಗ ಈ ಗೊಂದಲವಿಲ್ಲ. ಹಾಗಾಗಿ ‘ಅಂಚುಮಂಕು’ ಎಂದು ಬಳಸಿದ್ದೇನೆ. ‘ಬೆಳಕಿನ ಏರುಪೇರು’ ಸೂಚಿಸಿದವರಿದ್ದಾರೆ. ತೊಗರಿ ಬೆಲೆಯಲ್ಲಿ, ಆರೋಗ್ಯದಲ್ಲಿ ಆಗುವ ಏರುಪೇರು ಕಾಲದ್ದು, ಜಾಗದ್ದಲ್ಲ. ವೋಲ್ಟೇಜ್ ಕುಸಿದು ದೀಪದ ಬೆಳಕು ಬದಲಾಗುವುದಕ್ಕೆ ಆ ಮಾತನ್ನು ಕಾದಿರಿಸುವುದು ಒಳ್ಳೆಯದು. ಖಾಲಿ ಚಿತ್ರಕ್ಕೂ ಮಾದರಿಯ ಚಿತ್ರಕ್ಕೂ ನಡುವೆ ದೀಪ ಬದಲಾದರೆ ಭಾಗಾಕಾರವೇ ಕೆಡುತ್ತದೆ, ಅದನ್ನು ಹೇಳಲು ಪ್ರತ್ಯೇಕ ಪದ ಬೇಕೇ ಬೇಕು. 1893ರಲ್ಲಿ ಜರ್ಮನಿಯ ಆಗಸ್ಟ್ ಕೊಹ್ಲರ್ ತೋರಿಸಿಕೊಟ್ಟಂತೆ, ಬೆಳಕನ್ನು ಮಾದರಿಯ ಮೇಲೆ ಕೂಡಿಸುವ ಕಂಡೆನ್ಸರ್ ಮಸೂರ, ಬೆಳಕಿನ ಹರವನ್ನು ಹಿಡಿತದಲ್ಲಿಡುವ ಡಯಾಫ್ರಾಮ್‌ಗಳನ್ನು ಸರಿಯಾದ ಸ್ಥಾನಕ್ಕೆ ತಂದು ದೀಪವನ್ನು ಅಣಿಗೊಳಿಸುವ ಕೆಲಸಕ್ಕೆ ‘ಹೊಂದಿಸುವುದು’ ಸಾಕು. ಚಿತ್ರ ತೆಗೆಯುವ ಮೊದಲು ಹೊಂದಿಸುವುದು, ತೆಗೆದ ಮೇಲೆ ಸರಿದೂಗಿಸುವುದು.

ಬೀದರಿನಲ್ಲಿ ಪಶುವೈದ್ಯದ ರಕ್ತಲೇಪಗಳನ್ನು ನೋಡುವವರು, ಯಾದಗಿರಿ ಕಡೆ ಮಲೇರಿಯಾ ಸ್ಲೈಡ್ ಪರೀಕ್ಷಿಸುವವರು ಈ ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಮೂಲೆಯ ಮಂಕನ್ನು ನೀವು ಸಹೋದ್ಯೋಗಿಗಳಿಗೆ ಯಾವ ಮಾತಿನಲ್ಲಿ ಹೇಳುತ್ತೀರಿ? ‘ಸರಿದೂಗಿಸುವುದು’ ಎಂದು ಓದಿದಾಗ ನಿಮಗೆ ಮೊದಲು ಹೊಳೆಯುವುದು ಕೂಡುವುದೋ, ಪಾಲು ಹಿಡಿಯುವುದೋ? ಮೊದಲನೆಯದೇ ಹೆಚ್ಚು ಜನರಿಗೆ ಹೊಳೆಯುವುದಾದರೆ ಕೈಪಿಡಿಯಲ್ಲಿ ‘ಖಾಲಿ ಚಿತ್ರದಿಂದ ಭಾಗಿಸುವುದು’ ಎಂದೇ, ಉದ್ದವಾದರೂ ಸರಿ, ಬರೆಯುತ್ತೇನೆ.